ಪಿಟ್ಸ್‌ಬರ್ಗ್: ಬಾಲಾಜಿ ದರ್ಶನ ಮುಗಿಸಿ, ಸುರಂಗದಾಚೆ ಸ್ಕ್ವಿರೆಲ್ ಹಿಲ್‌ಗೆ

ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ನಯಾಗರಾದ ಬೆನ್ನಿಗೇ ಪಿಟ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನವೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. 1976ರಲ್ಲಿ ಪೆನ್ ಹಿಲ್ಸ್‌ನ ಗುಡ್ಡದ ಮೇಲೆ ಕೆಲಸ ಶುರುವಾದ ಈ ಗುಡಿ ಅಮೆರಿಕದ ಮೊದಮೊದಲ ಹಿಂದೂ ದೇವಾಲಯಗಳಲ್ಲೊಂದು. ಹೆಚ್ಚಿನವರು ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಯ ಮನ್ರೋವಿಲ್ ಎಕ್ಸಿಟ್‌ನಲ್ಲಿ ಇಳಿದು, ದರ್ಶನ ಮಾಡಿ, ಕ್ಯಾಂಟೀನಿನ ಪುಳಿಯೋಗರೆ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೊರಡುತ್ತಾರೆ. ಊರೊಳಗೆ ಕಾಲಿಡುವುದೇ ಇಲ್ಲ. ಅಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ, ಯಹೂದಿಗಳು ಬಹಳವಾಗಿ ನೆಲೆಸಿರುವ ಸ್ಕ್ವಿರೆಲ್ ಹಿಲ್ ಬಡಾವಣೆಗೆ ಅರ್ಧ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಯಹೂದಿಯಾಗಿರುವುದೆಂದರೆ ಏನು, ದೇವರನ್ನು ನಂಬದವರೂ ಯಹೂದಿಗಳಾಗಿ ಉಳಿಯುವುದು ಹೇಗೆ, ದ್ವೇಷದ ಗುಂಡು ಹಾರಿದ ಮೇಲೆ ಪಕ್ಕದ ಮನೆಯವರು ಏನು ಮಾಡಿದರು, ಇವೆಲ್ಲ ಇಲ್ಲಿ ಬೀದಿಯಲ್ಲೇ ಕಾಣಸಿಗುತ್ತವೆ.

ಗುಡಿಯಿಂದ 376 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಬಂದರೆ ಸ್ಕ್ವಿರೆಲ್ ಹಿಲ್ ಸುರಂಗ ಎದುರಾಗುತ್ತದೆ. ಉದ್ದ ಒಂದೂಕಾಲು ಕಿಲೋಮೀಟರ್ ಇದ್ದೀತು, ಆದರೆ ಒಳನುಗ್ಗುವ ಮೊದಲು ಪ್ರತಿಯೊಬ್ಬರೂ ಬ್ರೇಕ್ ಒತ್ತುವುದರಿಂದ ಹಿಂದೆ ಮೈಲುಗಟ್ಟಲೆ ಸಾಲು ಬೆಳೆಯುತ್ತದೆ. ವಾರದ ದಿನಗಳಲ್ಲಿ ಬೆಳಗಿನ ಆಫೀಸಿನ ಹೊತ್ತಿಗೆ ಈ ಕಡೆಯಿಂದ ಬರಲೇಬೇಡಿ; ಹತ್ತರ ಮೇಲೆ ಹೊರಟರೆ ಸಲೀಸು. ಬಲಗಡೆಯ ಲೇನ್‌ನಲ್ಲೇ ಇರಿ. ಸುರಂಗದಿಂದ ಹೊರಬಿದ್ದ ಕೂಡಲೇ 74ನೇ ಎಕ್ಸಿಟ್ ಬರುತ್ತದೆ, ಕತ್ತಲಿಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ತಪ್ಪಿಹೋಗುತ್ತದೆ. ತಪ್ಪಿದರೆ ಓಕ್‌ಲ್ಯಾಂಡ್‌ವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಕಾರಿಲ್ಲದೆ ಡೌನ್‌ಟೌನ್‌ನಲ್ಲಿ ಉಳಿದವರಿಗೆ 61 ಸರಣಿಯ ಬಸ್ಸುಗಳು ಫೋರ್ಬ್ಸ್ ಅವೆನ್ಯೂ ಉದ್ದಕ್ಕೂ ಸಿಗುತ್ತವೆ. ಟಿಕೆಟ್ 2.75 ಡಾಲರ್. ನಗದು ಕೊಟ್ಟರೆ ಚಿಲ್ಲರೆ ವಾಪಸ್ ಬರುವುದಿಲ್ಲ, ಸರಿಯಾದ ಹಣ ಕೈಯಲ್ಲಿರಲಿ.

ಯಾವ ದಿನ ಹೋಗಬೇಕು ಎನ್ನುವುದೇ ಮುಖ್ಯ. ನಮ್ಮವರಿಗೆ ಶನಿವಾರ ಪ್ರವಾಸದ ದಿನ. ಇಲ್ಲಿ ಅದು ಶಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಕೋಷರ್ (ಯಹೂದಿ ಆಹಾರ ನಿಯಮ ಪಾಲಿಸುವ) ಅಂಗಡಿ, ಹೋಟೆಲುಗಳ ಬಾಗಿಲು ಮುಚ್ಚಿರುತ್ತದೆ. ಡಿಸೆಂಬರಿನಲ್ಲಿ ಐದು ಗಂಟೆಗೂ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅಂದರೆ ಶುಕ್ರವಾರ ಮಧ್ಯಾಹ್ನವೇ ಅಂಗಡಿ ಖಾಲಿ. ಜೂನ್‌ನಲ್ಲಾದರೆ ರಾತ್ರಿ ಒಂಬತ್ತರ ಹತ್ತಿರದವರೆಗೆ ಬೆಳಕು. ಬೀದಿ ನೋಡಬೇಕು, ತಿನ್ನಬೇಕು ಎನ್ನುವವರಿಗೆ ಭಾನುವಾರ ಅತ್ಯುತ್ತಮ. ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪ್ರಾರ್ಥನೆಗೆ ಕೂರಬೇಕು ಎನ್ನುವವರಿಗೆ ಮಾತ್ರ ಶನಿವಾರ.

ಎಕ್ಸಿಟ್‌ನಿಂದ ಮರ್ರೇ ಅವೆನ್ಯೂ ಏರಿ ಫೋರ್ಬ್ಸ್ ಸೇರುವ ಮೂಲೆಗೆ ಬನ್ನಿ. 2018ರಲ್ಲಿ ಗುಂಡಿನ ದಾಳಿ ನಡೆದ ಸಿನಗಾಗ್ ಕಟ್ಟಡಕ್ಕೆ ನೇರವಾಗಿ ಹೋಗಿ, ಫೋಟೋ ತೆಗೆದು, ಕಾರು ಹತ್ತುವವರೇ ಹೆಚ್ಚು. ಹಾಗೆ ಮಾಡಿದರೆ ಈ ಊರು ಸತ್ತವರ ಊರಾಗಿ ಮಾತ್ರ ಕಾಣುತ್ತದೆ. ಮೊದಲು ಬದುಕಿರುವವರ ಬೀದಿ ನೋಡಬೇಕು. 1920ರ ದಶಕದಿಂದ ಇಲ್ಲಿ ಯಹೂದಿ ಕುಟುಂಬಗಳು ಬೇರೂರಿವೆ. ಅಮೆರಿಕದ ಬೇರೆ ಊರುಗಳಲ್ಲಿ ಅನುಕೂಲ ಹೆಚ್ಚಾದಂತೆ ಯಹೂದಿಗಳು ಹೊರವಲಯದ ಬಡಾವಣೆಗಳಿಗೆ ಹೋಗಿಬಿಟ್ಟರು, ಇಲ್ಲಿಯವರು ಕದಲಲಿಲ್ಲ. ಪಿಟ್ಸ್‌ಬರ್ಗ್ ಪ್ರದೇಶದ ಯಹೂದಿಗಳಲ್ಲಿ ಸುಮಾರು ಕಾಲು ಭಾಗ ಈ ಒಂದು ಬಡಾವಣೆಯಲ್ಲೇ ಇದ್ದಾರೆ. ಹಾಗೆಂದು ಇದು ಯಹೂದಿಗಳ ಕೇರಿ ಅಂದುಕೊಳ್ಳಬೇಡಿ. ಚೀನೀ ನೂಡಲ್ಸ್ ಅಂಗಡಿಗಳಿವೆ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಹುಡುಗರು ಬಾಡಿಗೆಗಿರುವ ಹಳೆಯ ಇಟ್ಟಿಗೆ ಮನೆಗಳಿವೆ, ಮೂಲೆಯಲ್ಲೇ ಸಿಕ್ಸ್ತ್ ಪ್ರೆಸ್ಬಿಟೇರಿಯನ್ ಚರ್ಚ್ ಇದೆ.

ಆ ಮೂಲೆಯಲ್ಲೇ ಜ್ಯೂಯಿಷ್ ಕಮ್ಯುನಿಟಿ ಸೆಂಟರ್. ಮೇಲಕ್ಕೆ ನೋಡಿದರೆ ಒಂದು ಗಡಿಯಾರ. ಅಂಕಿಗಳ ಜಾಗದಲ್ಲಿ ಹೀಬ್ರೂ ಅಕ್ಷರಗಳು. ಹೀಬ್ರೂವಿನಲ್ಲಿ ಅಕ್ಷರಗಳೇ ಸಂಖ್ಯೆಗಳೂ ಹೌದು. ಒಂದರ ಜಾಗದಲ್ಲಿ ಆಲೆಫ್, ಎರಡರ ಜಾಗದಲ್ಲಿ ಬೆತ್, ಹತ್ತಕ್ಕೆ ಯೋದ್. ಹನ್ನೊಂದು, ಹನ್ನೆರಡಕ್ಕೆ ಯೋದ್ ಜೊತೆಗೆ ಮತ್ತೆ ಆಲೆಫ್, ಬೆತ್ ಸೇರುತ್ತವೆ. ಎರಡು ನಿಮಿಷ ನಿಂತು ನೋಡಿದರೆ ಯಾರಿಗಾದರೂ ಗಂಟೆ ಓದಲು ಬರುತ್ತದೆ. ಕಟ್ಟಡದ ಒಳಗೆ ವ್ಯಾಯಾಮಶಾಲೆ, ಈಜುಕೊಳ, ಮಕ್ಕಳ ಶಾಲೆ. ಯಹೂದಿಗಳಲ್ಲದವರಿಗೂ ಸದಸ್ಯತ್ವ ಉಂಟು. ಸಿನಗಾಗ್‌ನ ಹೊಸ್ತಿಲು ತುಳಿಯದ ಎಷ್ಟೋ ಯಹೂದಿಗಳು ವಾರಕ್ಕೆ ನಾಲ್ಕು ಸಲ ಇಲ್ಲಿಗೆ ಬರುತ್ತಾರೆ.

ಇದು ನಮ್ಮವರಿಗೆ ಮೊದಲು ಗೊಂದಲ ಹುಟ್ಟಿಸುವ ಸಂಗತಿ. ಪ್ಯೂ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2020ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಶೇ. 27ರಷ್ಟು ಜನ ತಮಗೆ ಧರ್ಮವೇ ಇಲ್ಲ ಎನ್ನುತ್ತಾರೆ. ಆದರೂ ವಂಶದಿಂದಲೋ, ಸಂಸ್ಕೃತಿಯಿಂದಲೋ ತಾವು ಯಹೂದಿಗಳೇ ಎಂದು ಹೇಳಿಕೊಳ್ಳುತ್ತಾರೆ. ದೇವರ ಮುಂದೆ ಕೈಮುಗಿಯದವರೂ ಯುಗಾದಿಗೆ ಬೇವುಬೆಲ್ಲ ತಪ್ಪಿಸದ ಹಾಗೆ ಇದು. ನಿಮ್ಮ ಯಹೂದಿತನಕ್ಕೆ ಅತ್ಯಗತ್ಯವಾದದ್ದು ಯಾವುದೆಲ್ಲ ಎಂಬ ಪ್ರಶ್ನೆಗೆ ಶೇ. 76 ಮಂದಿ ಹೇಳಿದ್ದು ನಾಜಿಗಳ ನರಮೇಧದ ನೆನಪನ್ನು. ನೀತಿಯಿಂದ ಬದುಕುವುದು ಎಂದವರು ಶೇ. 72, ನ್ಯಾಯ-ಸಮಾನತೆಗಾಗಿ ದುಡಿಯುವುದು ಎಂದವರು ಶೇ. 59. ಧರ್ಮಶಾಸ್ತ್ರದ ನಿಯಮ ಪಾಲನೆಗೆ ಸಿಕ್ಕಿದ್ದು ಬರೀ ಶೇ. 15. ಹಾಸ್ಯಪ್ರಜ್ಞೆಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಮತ ಬಿದ್ದಿತ್ತು ಎನ್ನುವುದೂ ಇಲ್ಲಿ ಹೇಳಬೇಕಾದ ಮಾತೇ.

ಮೂಲೆಯಿಂದ ಫೋರ್ಬ್ಸ್ ಮೇಲೆ ಪೂರ್ವಕ್ಕೆ ನಡೆದು, ಶೇಡಿ ಅವೆನ್ಯೂದಲ್ಲಿ ಎಡಕ್ಕೆ ತಿರುಗಿ, ಮರಗಳ ಸಾಲಿನ ಕೆಳಗೆ ವಿಲ್ಕಿನ್ಸ್ ಅವೆನ್ಯೂವರೆಗೆ ಹೋಗಬೇಕು. ಕಾಲು ಗಂಟೆಯ ನಡಿಗೆ. ಟ್ರೀ ಆಫ್ ಲೈಫ್ ಸಿನಗಾಗ್ ಇರುವುದು ಆ ಮೂಲೆಯಲ್ಲಿ.

2018ರ ಅಕ್ಟೋಬರ್ 27, ಶನಿವಾರ. ಚಳಿ, ಮಳೆ. ಆ ಒಂದೇ ಕಟ್ಟಡದಲ್ಲಿ ಮೂರು ಸಭೆಗಳು, ಅಂದರೆ ಮೂರು ಭಕ್ತ ಬಳಗಗಳು, ಬೇರೆಬೇರೆ ಕೋಣೆಗಳಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವು: ಟ್ರೀ ಆಫ್ ಲೈಫ್, ನ್ಯೂ ಲೈಟ್, ಡೋರ್ ಹದಾಶ್. ಬೆಳಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದೂಕುಧಾರಿ ಒಳಹೊಕ್ಕ. ಸತ್ತವರು ಹನ್ನೊಂದು ಜನ: ಟ್ರೀ ಆಫ್ ಲೈಫ್‌ನ ಏಳು, ನ್ಯೂ ಲೈಟ್‌ನ ಮೂವರು, ಡೋರ್ ಹದಾಶ್‌ನ ಒಬ್ಬರು. ಪೊಲೀಸರೂ ಸೇರಿ ಆರು ಮಂದಿಗೆ ಗಾಯ. ಅಮೆರಿಕದ ಚರಿತ್ರೆಯಲ್ಲೇ ಯಹೂದಿಗಳ ಮೇಲೆ ನಡೆದ ಅತಿ ಘೋರ ದಾಳಿ ಇದು. ಸತ್ತವರ ವಯಸ್ಸು 54ರಿಂದ 97. ಎಲ್ಲರೂ ಹಿರಿಯರೇ ಏಕೆ ಎಂದು ಕೇಳುವವರಿದ್ದಾರೆ. ಶನಿವಾರದ ಪ್ರಾರ್ಥನೆ ಎರಡೂವರೆ-ಮೂರು ಗಂಟೆ ನಡೆಯುತ್ತದೆ. ಮಕ್ಕಳೊಂದಿಗರು ನಿಧಾನಕ್ಕೆ ಬಂದು ಸೇರಿಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ಬಂದು ಬಾಗಿಲಲ್ಲಿ ಸ್ವಾಗತಿಸುವವರು, ಪುಸ್ತಕ ಹಂಚುವವರು ವಯಸ್ಸಾದ ನಿಷ್ಠಾವಂತರು. ಹೊತ್ತಿಗೆ ಬಂದದ್ದೇ ಅವರಿಗೆ ಮುಳುವಾಯಿತು.

ಹಂತಕ ಈ ಕಟ್ಟಡವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಹಾಯಸ್ ಎಂಬ ಯಹೂದಿ ಸಂಸ್ಥೆ ನೂರು ವರ್ಷಕ್ಕೂ ಹಿಂದೆ, ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿಗಳಿಗೆ ನೆರವಾಗಲು ಹುಟ್ಟಿತು. ಈಗ ಅದು ನೆರವಾಗುವವರಲ್ಲಿ ಹೆಚ್ಚಿನವರು ಬೇರೆ ಧರ್ಮದ ನಿರಾಶ್ರಿತರು. ಹಿಂದೆ ನಿರಾಶ್ರಿತರು ಯಹೂದಿಗಳೆಂದು ಸಹಾಯ ಮಾಡುತ್ತಿದ್ದೆವು, ಈಗ ನಾವು ಯಹೂದಿಗಳೆಂದು ಸಹಾಯ ಮಾಡುತ್ತೇವೆ ಎನ್ನುವುದು ಅವರ ಮಾತು. ಅಕ್ಟೋಬರ್ ಮೂರನೇ ವಾರ ಹಾಯಸ್ ದೇಶದಾದ್ಯಂತ ನಿರಾಶ್ರಿತರಿಗಾಗಿ ಒಂದು ಶಬ್ಬತ್ ಆಚರಿಸಲು ಕರೆ ಕೊಟ್ಟಿತ್ತು. ಪಾಲ್ಗೊಂಡ ಸಭೆಗಳಲ್ಲಿ ಡೋರ್ ಹದಾಶ್ ಕೂಡ ಒಂದು. ಹಾಯಸ್ ದೇಶದೊಳಗೆ ಆಕ್ರಮಣಕಾರರನ್ನು ಕರೆತರುತ್ತಿದೆ ಎಂದು ಅಂತರ್ಜಾಲದಲ್ಲಿ ಬರೆದು ಅವನು ಮನೆಯಿಂದ ಹೊರಟಿದ್ದ. ಆ ಶನಿವಾರ ಸಿನಗಾಗ್‌ಗಳಲ್ಲಿ ಓದಬೇಕಿದ್ದ ತೋರಾ (ಯಹೂದಿಗಳ ಪವಿತ್ರ ಗ್ರಂಥ) ಭಾಗ ಶುರುವಾಗುವುದು, ಅಬ್ರಹಾಮ ಗುಡಾರದ ಬಾಗಿಲಲ್ಲಿ ಕೂತಿದ್ದಾಗ ಮೂವರು ಅಪರಿಚಿತರನ್ನು ಕಂಡು ಎದ್ದೋಡಿ ಹೋಗಿ ಊಟಕ್ಕೆ ಕರೆದ ಕಥೆಯಿಂದ.

ಈ ಹಾಯಸ್ ಕಥೆಗೆ ಪಿಟ್ಸ್‌ಬರ್ಗ್‌ನಲ್ಲಿ ಇನ್ನೊಂದು ಮಗ್ಗುಲಿದೆ, ನಮ್ಮವರು ತಿಳಿದುಕೊಳ್ಳಬೇಕಾದದ್ದು. ಭೂತಾನದಿಂದ ಹೊರದಬ್ಬಿಸಿಕೊಂಡು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದ ನೇಪಾಳಿ ಭಾಷಿಕರು 2008ರಿಂದ ಅಮೆರಿಕಕ್ಕೆ ಬರತೊಡಗಿದರು. ಅವರಲ್ಲಿ ಬಹುಪಾಲು ಹಿಂದೂಗಳು. ಸಾವಿರಾರು ಜನ ಪಿಟ್ಸ್‌ಬರ್ಗ್‌ನಲ್ಲಿ ನೆಲೆಯಾದರು. ಸ್ಕ್ವಿರೆಲ್ ಹಿಲ್‌ನ ಯಹೂದಿ ಕುಟುಂಬ ಸೇವಾ ಸಂಸ್ಥೆ, ಅಂದರೆ ಹಾಯಸ್‌ನ ಸ್ಥಳೀಯ ಜೊತೆಗಾರ ಸಂಸ್ಥೆ, ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಮನೆ, ಮಕ್ಕಳಿಗೆ ಶಾಲೆ, ಮೊದಲ ಕೆಲಸ ಹುಡುಕಿಕೊಟ್ಟಿತು. ಊರಿನ ದಕ್ಷಿಣಕ್ಕೆ ಕ್ಯಾರಿಕ್, ವೈಟ್‌ಹಾಲ್ ಕಡೆ ಹೋದರೆ ನೇಪಾಳಿ ದಿನಸಿ ಅಂಗಡಿಗಳೂ ಮೊಮೊ ಹೋಟೆಲುಗಳೂ ಸಾಲಾಗಿ ಸಿಗುತ್ತವೆ. ಆ ಬಂದೂಕುಧಾರಿಗೆ ಯಹೂದಿಗಳ ಮೇಲಿದ್ದ ಸಿಟ್ಟಿನಲ್ಲಿ ಇಂಥ ಕೆಲಸದ ಮೇಲಿನ ಸಿಟ್ಟೂ ಸೇರಿತ್ತು.

ಸಿನಗಾಗ್ ಕಟ್ಟಡ ಈಗ ಹಳೆಯ ರೂಪದಲ್ಲಿಲ್ಲ. ವರ್ಷಗಟ್ಟಲೆ ಬೇಲಿ ಹಾಕಿ ಮುಚ್ಚಿದ್ದರು, ಬೇಲಿಯ ತುಂಬ ಶಾಲಾಮಕ್ಕಳ ಚಿತ್ರಗಳು. 2024ರ ಆರಂಭದಲ್ಲಿ ಬಹುಭಾಗ ಕೆಡವಿ, ಮುಖ್ಯ ಪ್ರಾರ್ಥನಾ ಮಂದಿರದ ಗೋಡೆಗಳನ್ನು ಉಳಿಸಿಕೊಂಡು, ವಾಸ್ತುಶಿಲ್ಪಿ ಡೇನಿಯಲ್ ಲೀಬೆಸ್ಕಿಂಡ್ ರೂಪಿಸಿದ ಹೊಸ ಕಟ್ಟಡಕ್ಕೆ ಅದೇ ವರ್ಷ ಜೂನ್‌ನಲ್ಲಿ ಭೂಮಿಪೂಜೆ ಮಾಡಿದರು. ಪ್ರಾರ್ಥನಾ ಮಂದಿರ, ಸ್ಮಾರಕ, ವಸ್ತುಸಂಗ್ರಹಾಲಯ, ಯಹೂದಿ ದ್ವೇಷದ ಕುರಿತ ಶಿಕ್ಷಣ ಕೇಂದ್ರ ಒಂದೇ ಜಾಗದಲ್ಲಿ ಬರುವಂತೆ ಯೋಜನೆ. ಒಳಗೆ ಪ್ರವೇಶವಿದೆಯೇ ಎಂದು ಹೊರಡುವ ಮುನ್ನ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ಸುಮ್ಮನೆ ಹೋಗಿ ಬಾಗಿಲು ತಟ್ಟಬೇಡಿ. ಏನಾದರೂ ಇಟ್ಟು ಬರಬೇಕೆನಿಸಿದರೆ ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಕಲ್ಲು ಸಾಕು. ಯಹೂದಿಗಳು ಗೋರಿಯ ಮೇಲೆ ಇಡುವುದು ಹೂವಲ್ಲ, ಕಲ್ಲು. ಊದಿನಕಡ್ಡಿ, ದೀಪ, ಕುಂಕುಮ ಬೇಡ. ವರ್ಷದ ಸ್ಮರಣೆ ಎರಡು ಲೆಕ್ಕದಲ್ಲಿ ನಡೆಯುತ್ತದೆ: ಅಕ್ಟೋಬರ್ 27ಕ್ಕೆ ಒಮ್ಮೆ, ಹೀಬ್ರೂ ಪಂಚಾಂಗದ ಹೆಶ್ವಾನ್ ಮಾಸದ ಹದಿನೆಂಟಕ್ಕೆ ಇನ್ನೊಮ್ಮೆ. ನಮ್ಮ ತಿಥಿಯ ಹಾಗೆ ಈ ಎರಡನೆಯದು ಪ್ರತಿ ವರ್ಷ ಇಂಗ್ಲಿಷ್ ತಾರೀಖಿನಲ್ಲಿ ಹಿಂದೆಮುಂದೆ ಆಗುತ್ತದೆ.

ದಾಳಿಯ ಸಂಜೆ ಶಬ್ಬತ್ ಮುಗಿಯುವ ಹೊತ್ತಿಗೆ ಫೋರ್ಬ್ಸ್-ಮರ್ರೇ ಮೂಲೆಯಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಸೇರಿದ್ದರು. ಮುಂದೆ ನಿಂತು ಸಂಘಟಿಸಿದವರು ಅಲ್ಲಿನ ಹೈಸ್ಕೂಲ್ ಹುಡುಗಿಯರು, ಹುಡುಗರು. ಮರುದಿನದ ಶ್ರದ್ಧಾಂಜಲಿ ಸಭೆ ನಡೆದದ್ದು ಓಕ್‌ಲ್ಯಾಂಡ್‌ನ ಸೋಲ್ಜರ್ಸ್ ಅಂಡ್ ಸೇಲರ್ಸ್ ಸಭಾಂಗಣದಲ್ಲಿ. ಸ್ಕ್ವಿರೆಲ್ ಹಿಲ್‌ನಿಂದ ಫೋರ್ಬ್ಸ್ ಬಸ್ಸಿನಲ್ಲಿ ಹತ್ತು-ಹದಿನೈದು ನಿಮಿಷ, ಅಲ್ಲಿಗೂ ಹೋಗಿಬನ್ನಿ. ವೇದಿಕೆಯ ಹಿಂದಿನ ಗೋಡೆಯ ಮೇಲೆ ಲಿಂಕನ್‌ರ ಗೆಟಿಸ್‌ಬರ್ಗ್ ಭಾಷಣ ಪೂರ್ತಿ ಬರೆದಿದೆ. ಅದರ ಮುಂದೆ ನಿಂತು ಪಿಟ್ಸ್‌ಬರ್ಗ್ ಇಸ್ಲಾಮಿಕ್ ಸೆಂಟರ್‌ನ ಮುಖ್ಯಸ್ಥರು ಮುಸ್ಲಿಮರು ಸಂಗ್ರಹಿಸಿದ ಎಪ್ಪತ್ತು ಸಾವಿರ ಡಾಲರ್ ಘೋಷಿಸಿದರು. ನಿಮಗೆ ಹಣ ಬೇಕಿದ್ದರೆ ಹಣ, ಮುಂದಿನ ಪ್ರಾರ್ಥನೆಗೆ ಹೊರಗೆ ಕಾವಲು ನಿಲ್ಲಬೇಕಿದ್ದರೆ ನಿಲ್ಲುತ್ತೇವೆ, ಹೇಳಿ ಎಂದರು. ಆ ನಿಧಿ ಕೊನೆಗೆ ಎರಡು ಲಕ್ಷ ಡಾಲರ್ ದಾಟಿತು. ಐದು ತಿಂಗಳೂ ಆಗಿರಲಿಲ್ಲ, 2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಬಂದೂಕುಧಾರಿಯೊಬ್ಬ 51 ಜನರನ್ನು ಕೊಂದ. ಆಗ ಹಣ ಎತ್ತಿ ಕಳಿಸಿದವರಲ್ಲಿ ಟ್ರೀ ಆಫ್ ಲೈಫ್ ಸಭೆಯವರೂ ಪಿಟ್ಸ್‌ಬರ್ಗ್‌ನ ಯಹೂದಿ ಫೆಡರೇಷನ್ನಿನವರೂ ಇದ್ದರು. ಪಿಟ್ಸ್‌ಬರ್ಗ್ ಇಸ್ಲಾಮಿಕ್ ಸೆಂಟರ್‌ನ ಮಸೀದಿ ಇರುವ ಬಿಗಲೋ ಬುಲೆವಾರ್ಡ್ ಈ ಸಭಾಂಗಣದಿಂದ ನಡೆದು ಹೋಗುವಷ್ಟು ಹತ್ತಿರ.

ಮುಂದಿನ ಶುಕ್ರವಾರ, ನವೆಂಬರ್ 2ರಂದು, ಪಿಟ್ಸ್‌ಬರ್ಗ್ ಪೋಸ್ಟ್-ಗೆಜೆಟ್ ಪತ್ರಿಕೆ ಮುಖಪುಟದ ತಲೆಬರಹವನ್ನು ಹೀಬ್ರೂ ಲಿಪಿಯಲ್ಲಿ ಅಚ್ಚು ಹಾಕಿತು. ಮೃತರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯ ಮೊದಲ ಪದಗಳವು. ಆ ವಾರಾಂತ್ಯ ದೇಶದ ಸಿನಗಾಗ್‌ಗಳಲ್ಲಿ ಜಾಗ ಸಾಲದಷ್ಟು ಜನ. ವರ್ಷಗಳಿಂದ ಬಾರದ ಯಹೂದಿಗಳು, ಅವರ ಕ್ರೈಸ್ತ-ಮುಸ್ಲಿಂ ಗೆಳೆಯರು ಎಲ್ಲ ಬಂದರು. ಕದ್ದೀಶ್ ಹೇಳಲು ಹತ್ತು ಜನ ಸೇರಬೇಕೆಂಬ ನಿಯಮವಿದೆ, ಒಬ್ಬರೇ ಹೇಳುವಂತಿಲ್ಲ. ನಂಬಿಕೆ ಇಲ್ಲದವರೂ ಹತ್ತನೆಯವರಾಗಿ ಎದ್ದು ನಿಲ್ಲುವುದು ಇದಕ್ಕಾಗಿಯೇ. ಪಕ್ಕದವರ ದುಃಖಕ್ಕೆ ಸಂಖ್ಯೆ ಕಡಿಮೆ ಬೀಳಬಾರದು.

ಕರುಣೆಯ ಮಾತು ಬಂದಾಗ ಇಲ್ಲಿನವರು ಎಲ್ಲವೂ ಸುಸೂತ್ರ ಎಂದು ಹೇಳುವುದಿಲ್ಲ, ನಾವೂ ಹಾಗೆ ಬರೆಯಬಾರದು. ಗಾಯಗೊಂಡು ಸಿಕ್ಕಿಬಿದ್ದ ಹಂತಕನನ್ನು ಅಲ್ಲೆಘೆನಿ ಜನರಲ್ ಆಸ್ಪತ್ರೆಗೆ ಒಯ್ದಾಗ ಶುಶ್ರೂಷೆ ಮಾಡಿದವರಲ್ಲಿ ಯಹೂದಿಗಳಿದ್ದರು. ಆಸ್ಪತ್ರೆಯ ಅಧ್ಯಕ್ಷರು ಸ್ವತಃ ಟ್ರೀ ಆಫ್ ಲೈಫ್ ಸದಸ್ಯರು. ಹೋಗಿ, ನೋವಿದೆಯೇ ಎಂದು ವಿಚಾರಿಸಿದರು. ಆದರೆ ಮರಣದಂಡನೆಯ ಪ್ರಶ್ನೆ ಬಂದಾಗ ಸಮುದಾಯ ಒಡೆಯಿತು. ಡೋರ್ ಹದಾಶ್ ಸಭೆ ಬೇಡ ಎಂದು ಸರ್ಕಾರಕ್ಕೆ ಬರೆಯಿತು, ನ್ಯೂ ಲೈಟ್‌ನ ಧರ್ಮಗುರು, ಅಂದರೆ ರಬ್ಬಿಯೂ ಬೇಡ ಎಂದರು. ಮೃತರ ಕುಟುಂಬಗಳಲ್ಲಿ ಹೆಚ್ಚಿನವು ಬೇಕು ಎಂದವು. 2023ರ ಜೂನ್‌ನಲ್ಲಿ 63 ಆರೋಪಗಳೂ ಸಾಬೀತಾದವು, ಆಗಸ್ಟ್‌ನಲ್ಲಿ ಮರಣದಂಡನೆ. ಈ ವಿಷಯ ನೀವಾಗಿ ಎತ್ತಬೇಡಿ. ಹಾಗೆಯೇ ಪರಿಚಯವಾದ ಐದನೇ ನಿಮಿಷಕ್ಕೆ ಇಸ್ರೇಲ್ ರಾಜಕೀಯ ಕೇಳುವುದು, ದೇವರನ್ನು ನಂಬುತ್ತೀರಾ ಎಂದು ಕೇಳುವುದು ಎರಡೂ ಅವರಿಗೆ ಸಾಕಾಗಿ ಹೋದ ಪ್ರಶ್ನೆಗಳು.

ಪ್ರಾರ್ಥನೆಗೆ ಕೂರುವ ಮನಸ್ಸಿದ್ದರೆ ಒಂದು ವಾರ ಮೊದಲೇ ಸಿನಗಾಗ್‌ನ ಕಚೇರಿಗೆ ಬರೆದು ಹೆಸರು ಕೊಡಿ. ಮುನ್ಸೂಚನೆ ಇಲ್ಲದೆ ಬಂದ ಅಪರಿಚಿತರನ್ನು ಬಾಗಿಲಲ್ಲಿ ತಡೆಯುವುದು ಈಗ ಮಾಮೂಲು, ಬೇಸರಪಡಬೇಡಿ. ಗುರುತಿನ ಚೀಟಿ ಜೇಬಿನಲ್ಲಿರಲಿ, ದೊಡ್ಡ ಬ್ಯಾಗು ಕಾರಿನಲ್ಲಿರಲಿ. ಫೋನ್ ಆರಿಸಿ ಒಳಗಿಡಿ. ಶಬ್ಬತ್ ದಿನ ಫೋಟೋ ತೆಗೆಯುವುದಾಗಲಿ, ಪೆನ್ನು ತೆಗೆದು ಬರೆದುಕೊಳ್ಳುವುದಾಗಲಿ ಸಲ್ಲದು. ಹಣವನ್ನೂ ಮುಟ್ಟುವುದಿಲ್ಲ, ಹುಂಡಿ ಹುಡುಕಬೇಡಿ. ಕಾಣಿಕೆ ಕೊಡಬೇಕಿದ್ದರೆ ಸೋಮವಾರ ಆನ್‌ಲೈನ್‌ನಲ್ಲಿ. ಬಾಗಿಲ ಬಳಿ ಬುಟ್ಟಿಯಲ್ಲಿ ಕಿಪ್ಪಾ ಎಂಬ ಪುಟ್ಟ ಟೋಪಿಗಳಿರುತ್ತವೆ, ಗಂಡಸರು ಒಂದನ್ನು ಹಾಕಿಕೊಂಡು ಹೋಗುವಾಗ ಅಲ್ಲೇ ಇಡಬೇಕು. ಆರ್ಥೊಡಾಕ್ಸ್ (ಕಟ್ಟಾ ಸಂಪ್ರದಾಯದ) ಸಭೆಗಳಲ್ಲಿ ಹೆಂಗಸರಿಗೆ ಬೇರೆ ಆಸನ, ಉಳಿದೆಡೆ ಕುಟುಂಬ ಸಮೇತ ಕೂರಬಹುದು. ಪುಸ್ತಕ ಬಲದಿಂದ ಎಡಕ್ಕೆ ತೆರೆಯುತ್ತದೆ. ತೋರಾ ಇರುವ ಕಪಾಟು ತೆರೆದಾಗ ಎಲ್ಲರೊಂದಿಗೆ ಎದ್ದು ನಿಲ್ಲಿ, ಅಷ್ಟು ಸಾಕು. ಮತ್ತೆ ಗುಡಿಯ ಪುಳಿಯೋಗರೆ ಪೊಟ್ಟಣ! ಅದನ್ನು ಪ್ರಸಾದವೆಂದು ಪ್ರೀತಿಯಿಂದ ಒಳಗೆ ಒಯ್ಯುವವರಿದ್ದಾರೆ. ಕೋಷರ್ ಅಡುಗೆಮನೆಗೆ ಹೊರಗಿನ ತಿಂಡಿ ಬರುವಂತಿಲ್ಲ, ಅವರಿಗೆ ಬೇಡವೆನ್ನಲು ಸಂಕೋಚ, ನಿಮಗೆ ಮುಜುಗರ. ಕಾರಿನಲ್ಲೇ ತಿಂದು ಮುಗಿಸಿ.

ಸಸ್ಯಾಹಾರಿಗಳಿಗೆ ಕೋಷರ್ ಪದ್ಧತಿಯಿಂದ ಒಂದು ಅನುಕೂಲ ಉಂಟು. ಹಾಲು ಮತ್ತು ಮಾಂಸವನ್ನು ಒಂದೇ ಅಡುಗೆಮನೆಯಲ್ಲಿ ಬೆರೆಸುವಂತಿಲ್ಲವಾದ್ದರಿಂದ, ಡೇರಿ ಎಂದು ಫಲಕವಿರುವ ಕೋಷರ್ ಹೋಟೆಲಿನಲ್ಲಿ ಕೋಳಿ, ದನ, ಕುರಿ ಯಾವುದರ ಸೋಂಕೂ ಇರುವುದಿಲ್ಲ. ಪಿಜ್ಜಾ, ಫಲಾಫೆಲ್ ನಿಶ್ಚಿಂತೆಯಿಂದ ತಿನ್ನಬಹುದು. ಆದರೆ ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ, ಮೊಟ್ಟೆಯೂ ಅಲ್ಲ. ಹಾಗಾಗಿ ಡೇರಿ ಹೋಟೆಲಿನಲ್ಲೂ ಟ್ಯೂನಾ, ಬೇಗಲ್ ಮೇಲೆ ಸಾಲ್ಮನ್ ಇರುತ್ತದೆ. ಕೇಳಿಯೇ ಆರ್ಡರ್ ಮಾಡಿ. ದಿನಸಿ ಅಂಗಡಿಯ ಪೊಟ್ಟಣಗಳ ಮೇಲೆ ವೃತ್ತದೊಳಗೆ ಯು ಅಕ್ಷರವಿದ್ದರೆ ಕೋಷರ್, ಪಕ್ಕದಲ್ಲಿ ಡಿ ಇದ್ದರೆ ಹಾಲಿನದು. ಪರ್ವೆ ಎಂದಿದ್ದರೆ ಹಾಲೂ ಇಲ್ಲ ಮಾಂಸವೂ ಇಲ್ಲ, ಮೊಟ್ಟೆ ಅಥವಾ ಮೀನು ಮಾತ್ರ ಇರಬಹುದು.

ಅಂಗಡಿಗಳ ಕಿಟಕಿಯಲ್ಲಿ ಒಂದು ಚಿಹ್ನೆ ಕಂಡೀತು: ಊರಿನ ಫುಟ್ಬಾಲ್ ತಂಡ ಸ್ಟೀಲರ್ಸ್ ಲಾಂಛನದ ಮೂರು ನಕ್ಷತ್ರಾಕೃತಿಗಳಲ್ಲಿ ಒಂದನ್ನು ತೆಗೆದು ಅಲ್ಲಿ ದಾವೀದನ ನಕ್ಷತ್ರ ಕೂರಿಸಿ, ದ್ವೇಷಕ್ಕಿಂತ ಬಲಶಾಲಿ ಎಂದು ಬರೆದದ್ದು. 2018ರ ಆ ವಾರ ಊರೆಲ್ಲ ಹರಡಿದ ಫಲಕವಿದು. ಬಿಸಿಲಿಗೆ ಬಣ್ಣ ಮಾಸಿದ ಪ್ರತಿಗಳೂ ಇವೆ, ಹೊಸದಾಗಿ ಅಂಟಿಸಿದವೂ ಇವೆ.

ಹೊತ್ತು ಉಳಿದರೆ ಓಕ್‌ಲ್ಯಾಂಡ್‌ನಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 42 ಅಂತಸ್ತಿನ ಕಟ್ಟಡ ಕೆಥೆಡ್ರಲ್ ಆಫ್ ಲರ್ನಿಂಗ್ ಇದೆ. ಬೇರೆಬೇರೆ ದೇಶ-ಪರಂಪರೆಗಳ ಶೈಲಿಯಲ್ಲಿ ಕಟ್ಟಿದ ಅದರ ರಾಷ್ಟ್ರೀಯತೆಗಳ ಕೋಣೆಗಳಲ್ಲಿ ನಾಲಂದಾ ಮಾದರಿಯ ಭಾರತದ ಕೋಣೆ, ಪುರಾತನ ಗೆಲಿಲಿಯ ಮನೆಯ ಮಾದರಿಯ ಇಸ್ರೇಲ್ ಪರಂಪರೆಯ ಕೋಣೆ ಎರಡೂ ಒಂದೇ ಟಿಕೆಟ್‌ನಲ್ಲಿ ಸಿಗುತ್ತವೆ. ಅವು ಪಾಠ ನಡೆಯುವ ತರಗತಿಗಳು, ಸೆಮಿಸ್ಟರ್ ಇರುವಾಗ ವಾರಾಂತ್ಯದಲ್ಲಿ ಹೋದರೆ ಹೆಚ್ಚು ಕೋಣೆ ತೆರೆದಿರುತ್ತವೆ. ಸಂಜೆ ಗುಡಿಯ ಕಡೆಗೋ ಟರ್ನ್‌ಪೈಕ್ ಕಡೆಗೋ ಹಿಂದಿರುಗುವವರು ನಾಲ್ಕರಿಂದ ಆರೂವರೆಯ ನಡುವೆ ಸುರಂಗದ ಪೂರ್ವದ ಲೇನ್ ಹಿಡಿಯಬೇಡಿ. ಮರ್ರೇಯಲ್ಲಿ ಇನ್ನೊಂದು ಕಾಫಿ ಕುಡಿದು ಏಳಕ್ಕೆ ಹೊರಟರೂ ಅದೇ ಹೊತ್ತಿಗೆ ಮನ್ರೋವಿಲ್ ತಲುಪುತ್ತೀರಿ.